ಅನುಬಂಧದ ಹದಿನಾಲ್ಕು ಹೆಸರುಗಳು

2018ರಲ್ಲಿ ನಾನು ಪುಣೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಐದು ವರ್ಷ ಬಾಕಿ ಇತ್ತು. ವಿಜಯಪುರ ಜಿಲ್ಲೆಯವನಾದ ನಾನು ಮೂವತ್ತು ವರ್ಷ ಆಫೀಸಿನವರ ಜೊತೆ ಮರಾಠಿಯಲ್ಲಿ, ವಿದ್ಯಾರ್ಥಿಗಳ ಜೊತೆ ಇಂಗ್ಲಿಷಿನಲ್ಲಿ, ಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿಕೊಂಡೇ ಬಂದವನು. ಪಿಎಚ್.ಡಿ. ಮಾಡುವವರು ನನ್ನ ಹೆಸರು ಕೇಳಿದರೆ ಬೇರೆ ಮಾರ್ಗದರ್ಶಕರನ್ನು ಹುಡುಕುತ್ತಿದ್ದರು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ವರ್ಷ ಪಶ್ಚಿಮ ಆಫ್ರಿಕಾದ ಒಂದು ಸಣ್ಣ ದೇಶದಿಂದ ಮಮದು ಬಂದ. ಅದು ಅವನ ನಿಜವಾದ ಹೆಸರಲ್ಲ, ದೇಶದ ಹೆಸರನ್ನೂ ಬರೆಯಲಾರೆ. ಅಲ್ಲಿ ಕಾಲೇಜು ಅಧ್ಯಾಪಕನಾಗಿದ್ದವನು, ಮೂವತ್ತನಾಲ್ಕು ವರ್ಷ, ಮಾತು ಕಡಿಮೆ. ಅವನ ವಿಷಯ ಕ್ಷಿಪ್ರಕ್ರಾಂತಿ, ಅಂದರೆ ಸೈನ್ಯ ಬಂದೂಕು ಹಿಡಿದು ಸರ್ಕಾರವನ್ನು ಕಿತ್ತುಹಾಕುವುದು. ಕೆಲವು ದೇಶಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ, ಕೆಲವು ಕಡೆ ಆಗುವುದೇ ಇಲ್ಲ, ಯಾಕೆ?

ಬಡತನದಿಂದ, ಸೇನಾಧಿಕಾರಿಗಳ ದುರಾಸೆಯಿಂದ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮಮದು ಊರಿಗೆ ಹೋಗಿ ನಾಲ್ಕು ತಿಂಗಳು ತಿರುಗಾಡಿ ಬೇರೆ ಉತ್ತರ ತಂದ. ಅಲ್ಲಿನ ಅಧ್ಯಕ್ಷರಿಗೆ ತಮ್ಮ ಸೈನ್ಯದ ಮೇಲೇ ಭಯ. ಅದಕ್ಕೆ ತಮ್ಮ ರಕ್ಷಣೆಗೆಂದು ಪ್ರತ್ಯೇಕ ಪಡೆಯೊಂದನ್ನು ಸಾಕಿದ್ದರು. ಹೊಸ ಬಂದೂಕು, ಒಳ್ಳೆಯ ಸಂಬಳ, ಬಡ್ತಿ ಎಲ್ಲ ಆ ಪಡೆಗೆ. ನ್ಯಾಯಾಲಯ, ಸಂಸತ್ತು, ಪತ್ರಿಕೆಗಳು ಹೆಸರಿಗಷ್ಟೇ ಉಳಿದಿದ್ದವು. ಅಧ್ಯಕ್ಷರ ಅವಧಿಗಿದ್ದ ಮಿತಿಯನ್ನೂ ತೆಗೆದುಹಾಕಿದ್ದರು. ಬಾಗಿಲೇ ಇಲ್ಲದ ಮನೆಯಿಂದ ಒಬ್ಬನನ್ನು ಹೊರಗೆ ಕಳಿಸಬೇಕೆಂದರೆ ಗೋಡೆಯನ್ನೇ ಒಡೆಯಬೇಕಲ್ಲ. ಒಡೆಯುವವರು ಆ ಪಡೆಯವರೇ ಆಗಿರುತ್ತಾರೆ ಎಂದು ಮಮದು ಬರೆದಿದ್ದ. ಈ ಒಳಗಿನ ಸಂಗತಿಗಳನ್ನು ಅವನಿಗೆ ಹೇಳಿದವರು ಸೈನ್ಯದ ಹದಿನಾಲ್ಕು ಅಧಿಕಾರಿಗಳು. ಅವರಲ್ಲೊಬ್ಬ ಅವನ ಸ್ವಂತ ಅಣ್ಣ, ಕ್ಯಾಪ್ಟನ್. ಉಳಿದವರ ಪರಿಚಯ ಮಾಡಿಸಿದವನೂ ಅವನೇ.

ಕರಡಿನಲ್ಲಿ ಅವರನ್ನೆಲ್ಲ ಒಂದನೇ ಅಧಿಕಾರಿ, ಎರಡನೇ ಅಧಿಕಾರಿ ಎಂದಷ್ಟೇ ಬರೆದಿದ್ದ. ನಾನು ಕೆಂಪು ಪೆನ್ನು ತೆಗೆದೆ. ನಮ್ಮಲ್ಲಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಯಾರನ್ನೂ ಕಾಣದೆ ಸಂದರ್ಶನಗಳನ್ನು ತಾವೇ ಕಟ್ಟಿ ಬರೆದುಕೊಳ್ಳುವ ಸಂಶೋಧಕರಿದ್ದಾರೆ. ಅಂಥವರನ್ನು ಹಿಡಿಯಲು ನನ್ನದೊಂದು ನಿಯಮವಿತ್ತು: ಮಾತಾಡಿದವರ ಹೆಸರು, ಹುದ್ದೆ, ಸ್ಥಳ, ದಿನಾಂಕ ಪ್ರಬಂಧದ ಕೊನೆಯ ಅನುಬಂಧದಲ್ಲಿ ಇರಲೇಬೇಕು.

"ಸರ್, ಅವರಿಗೆ ತೊಂದರೆಯಾಗಬಹುದು," ಎಂದ ಮಮದು.

"ಪುಣೆಯ ಲೈಬ್ರರಿಯಲ್ಲಿ ಧೂಳು ತಿನ್ನೋ ಪುಸ್ತಕವನ್ನ ನಿಮ್ಮ ದೇಶದಲ್ಲಿ ಯಾರು ಓದ್ತಾರೆ?" ಎಂದು ನಕ್ಕೆ.

ಆ ಭಾನುವಾರ ಅವನು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಜೋಳದ ರೊಟ್ಟಿ ಎಂದರೆ ಪ್ರಾಣ ಬಿಡುವವನು ಅಂದು ಒಂದು ರೊಟ್ಟಿ ಮುರಿದು ಹಾಗೇ ಕೂತ. ಅವನು ಹೋದ ಮೇಲೆ ನನ್ನ ಹೆಂಡತಿ ಶಾರದಾ ಕೇಳಿದಳು.

"ಏನಂದ್ರಿ ಅವಗ? ಮಾರಿ ಸಣ್ಣದು ಮಾಡ್ಕೊಂಡು ಹೋದ."

ವಿಷಯ ಹೇಳಿದೆ.

"ಅಂಜಿಕಿ ಅದ ಅಂತಾನಲ್ರಿ, ಬಿಟ್ಟುಬಿಡ್ರಿ. ಹೆಸರು ತಗೊಂಡು ನೀವೇನ್ ಮಾಡ್ತೀರಿ?"

"ನಿನಗ ಇದು ತಿಳಿಯೂದಿಲ್ಲ," ಎಂದೆ.

ಹೆಸರುಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಪರೀಕ್ಷಕರಿಗೆ ಮಾತ್ರ ತೋರಿಸುವ ದಾರಿಯೊಂದಿತ್ತು. ನನಗದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಒಬ್ಬನಿಗೆ ರಿಯಾಯಿತಿ ಕೊಟ್ಟರೆ ಎಲ್ಲರೂ ಕೇಳುತ್ತಾರೆಂದು ಬೇಡವೆಂದೆ. ಮಮದು ಮೂರು ವಾರ ತಡಮಾಡಿ, ಕೊನೆಗೆ ಪಟ್ಟಿ ಟೈಪು ಮಾಡಿ ತಂದುಕೊಟ್ಟ. ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯರು ಆ ಅನುಬಂಧವನ್ನೇ ಹೊಗಳಿದರು. ನಾನು ಉಬ್ಬಿಹೋದೆ. ಡಿಗ್ರಿಯಾದ ಪ್ರಬಂಧಗಳನ್ನೆಲ್ಲ ಅಂತರ್ಜಾಲದಲ್ಲಿ ಹಾಕುವ ನಿಯಮವಿತ್ತು, ಇದನ್ನೂ ಹಾಕಿದರು. ಲೈಬ್ರರಿಯ ಧೂಳಿನ ಮಾತಾಡಿದವನಿಗೆ ಅದು ನೆನಪೇ ಇರಲಿಲ್ಲ.

2022ರಲ್ಲಿ ಮಮದುವಿನ ದೇಶದಲ್ಲಿ ಕ್ಷಿಪ್ರಕ್ರಾಂತಿಯಾಯಿತು. ಮಾಡಿದವರು ಆ ರಕ್ಷಣಾ ಪಡೆಯವರೇ. ನನಗೆ ಮೊದಲು ಆದದ್ದು ಸಂತೋಷ, ನಾಚಿಕೆಗೇಡಿನ ಸಂತೋಷ. ನಮ್ಮ ಪ್ರಬಂಧ ನಿಜವಾಯಿತಲ್ಲ ಎಂದು ಸಹೋದ್ಯೋಗಿಗಳಿಗೆ ಹೇಳಿಕೊಂಡು ಓಡಾಡಿದೆ. ಮಮದು ಆಗ ಪುಣೆಯಲ್ಲೇ, ಕಾತ್ರಜದಲ್ಲಿ ರೂಮು ಮಾಡಿಕೊಂಡು ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದ. ಹತ್ತು ದಿನದ ನಂತರ ನನ್ನ ಕೋಣೆಗೆ ಬಂದು ನಿಂತೇ ಹೇಳಿದ.

"ಅಣ್ಣನನ್ನು ಹಿಡಿದುಕೊಂಡು ಹೋಗಿದ್ದಾರೆ ಸರ್. ಪಡೆಯ ಒಳಗುಟ್ಟು ಹೊರಗೆ ಹೇಳಿದವರನ್ನೆಲ್ಲ ಹುಡುಕುತ್ತಿದ್ದಾರೆ. ವಿಚಾರಣೆ ಮಾಡುವವರ ಮೇಜಿನ ಮೇಲೆ ನಮ್ಮ ಅನುಬಂಧ ಇತ್ತಂತೆ. ಬಿಡುಗಡೆಯಾದ ಒಬ್ಬರು ಅತ್ತಿಗೆಗೆ ಹೇಳಿದರು."

ನಮ್ಮ ಅನುಬಂಧ ಎಂದ. ನಿಮ್ಮದು ಎನ್ನಲಿಲ್ಲ.

ಪ್ರಬಂಧವನ್ನು ಅಂತರ್ಜಾಲದಿಂದ ತೆಗೆಸಲು ಅಂದೇ ಓಡಿದೆ. ಅರ್ಜಿ ಬೇಕು, ಸಮಿತಿ ಸೇರಬೇಕು, ಒಬ್ಬ ಸದಸ್ಯರು ರಜೆಯಲ್ಲಿದ್ದಾರೆ ಎಂದರು. ಗುಮಾಸ್ತರ ಮೇಲೆ ಕೂಗಾಡಿದೆ, ಆಮೇಲೆ ಕೈಮುಗಿದೆ. "ಸರ್, ನಿಯಮ್ ಆಹೇ," ನಿಯಮವಿದೆ, ಎಂದರು ಅವರು ಮರಾಠಿಯಲ್ಲಿ. ನಿಯಮ ಎಂದರೇನೆಂದು ಈ ವಿಭಾಗಕ್ಕೆಲ್ಲ ಕಲಿಸಿದವನು ನಾನೇ. ಹತ್ತೊಂಬತ್ತನೇ ದಿನ ತೆಗೆದರು. ಅಷ್ಟರಲ್ಲಿ ಹದಿನಾಲ್ಕರಲ್ಲಿ ಒಂಬತ್ತು ಜನ ಸಿಕ್ಕಿಬಿದ್ದಿದ್ದರು.

ಮಮದು ಊರಿಗೆ ಹೊರಟ. ಹೋಗಬೇಡವೆಂದು ಬೇಡಿಕೊಂಡೆ.

"ಹೆಸರು ಬರೆದವನು ನಾನು, ಅಣ್ಣನಲ್ಲ ಎಂದು ಯಾರಾದರೂ ಹೇಳಬೇಕಲ್ಲ ಸರ್."

"ಬರೆಸಿದವನು ನಾನು. ಹಾಗಂತ ಪತ್ರ ಕೊಡ್ತೀನಿ."

"ನಿಮ್ಮ ಪತ್ರವನ್ನ ಅಲ್ಲಿ ಯಾರು ಓದ್ತಾರೆ ಸರ್?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಪತ್ರ ಬರೆದೆ. ರಾಯಭಾರ ಕಚೇರಿಗೆ, ಮಾನವ ಹಕ್ಕುಗಳವರಿಗೆ, ಸಿಕ್ಕಸಿಕ್ಕವರಿಗೆಲ್ಲ ಬರೆದೆ. ಅಲ್ಲಿಂದ ಮಮದು ಒಮ್ಮೆ ಫೋನ್ ಮಾಡಿದ್ದ. ಅಣ್ಣನನ್ನು ನೋಡಲು ಬಿಡುತ್ತಿಲ್ಲ, ನಾಳೆ ಮತ್ತೆ ಹೋಗುತ್ತೇನೆ ಎಂದ. ಆಮೇಲೆ ಆ ನಂಬರು ಹತ್ತಲಿಲ್ಲ. ಮರುವರ್ಷ ನಾನು ನಿವೃತ್ತನಾದೆ. ಅವನ ಅತ್ತಿಗೆಗೆ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಇಬ್ಬರ ಸುದ್ದಿಯೂ ಇಲ್ಲ ಎನ್ನುತ್ತಾಳೆ. ನಾನು ಯಾರೆಂದು ಅವಳಿಗೆ ಗೊತ್ತು. ಆದರೂ ಫೋನ್ ಎತ್ತುತ್ತಾಳೆ.

ವೃತ್ತಿ ನನಗೆ ಕಲಿಸಿದ ಪಾಠವೇನೆಂದು ಕೇಳುವವರಿದ್ದಾರೆ. ಕಲಿತದ್ದರಿಂದ ಯಾರಿಗೂ ಉಪಯೋಗವಾಗಲಿಲ್ಲ, ಆದರೂ ಹೇಳುತ್ತೇನೆ. ಯಾವ ದೇಶದಲ್ಲಿ ಬಂದೂಕು ಸರ್ಕಾರ ಬದಲಿಸುತ್ತದೆ ಎಂಬುದಕ್ಕೆ ನಾನು ನೂರಾರು ಪುಟಗಳಲ್ಲಿ ಲಕ್ಷಣ ಹುಡುಕಿಸಿದೆ. ಒಂದು ಹೆಸರು ಬರೆಯಲು ಒಬ್ಬ ಓದಿದ ಮನುಷ್ಯ ಮೂರು ವಾರ ನಡುಗುತ್ತಾನಲ್ಲ, ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ನಾನು ಅದನ್ನು ಕಣ್ಣಾರೆ ಕಂಡೆ. ಕಂಡು, ಪಟ್ಟಿ ಯಾವಾಗ ಕೊಡ್ತೀಯ ಎಂದು ಕೇಳಿದೆ.