ಅಕ್ಕನ ಮುಖಕ್ಕೆ ಹೊಂದುವ ಮಾನಿಟರ್

ಊರಿನಲ್ಲಿ ಯಾರ ಮುಖದ ಮೇಲೆ ಎಲ್ಲಿ ಮಚ್ಚೆ ಇದೆ ಎಂದು ಕೇಳಿದರೂ ನನ್ನ ಭಾವ ಥಟ್ಟನೆ ಹೇಳುತ್ತಾರೆ. ಫೋಟೊ ಸ್ಟುಡಿಯೋ ಇಟ್ಟವರು. ಆ ಮಚ್ಚೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುವುದೇ ಅವರ ಹೊಟ್ಟೆಪಾಡು. ಸ್ವಂತ ಹೆಂಡತಿಯ, ಅಂದರೆ ನನ್ನ ಅಕ್ಕನ, ಮಚ್ಚೆ ಯಾವ ಕೆನ್ನೆಯಲ್ಲಿದೆ ಎಂದು ಒಮ್ಮೆ ಕೇಳಿದೆ. "ಅವಳಿಗೆ ಮಚ್ಚೆ ಇದೆಯಾ?" ಅಂದರು ಪುಣ್ಯಾತ್ಮ. ಅಕ್ಕ ಅಲ್ಲೇ ಪಕ್ಕದಲ್ಲಿ ಕೂತು ಆಲ್ಬಮ್ಮಿಗೆ ಅಂಟು ಹಚ್ಚುತ್ತಿದ್ದಳು.

ನಾನು ಆ ಸ್ಟುಡಿಯೋದ ಕೌಂಟರಿನಲ್ಲಿ ಕೂರುತ್ತೇನೆ. ಹಾಗಾಗಿ ಕಂಡದ್ದನ್ನೇ ಹೇಳುತ್ತಿದ್ದೇನೆ, ಕಟ್ಟುಕತೆಯಲ್ಲ. ಈಗ ಎಲ್ಲರೂ ಫೋನಿನಲ್ಲೇ ಫೋಟೊ ತೆಗೆದುಕೊಳ್ಳುತ್ತಾರೆ. ನಮ್ಮ ಬಾಗಿಲು ಇನ್ನೂ ತೆರೆದಿದ್ದರೆ ಅದು ಉಣ್ಣೆ ಅಂಗಡಿಯ ಯಜಮಾನರ ಕ್ಯಾಟಲಾಗಿನಿಂದ. ಅವರ ಬಳಿ ಇರುವ ಅಷ್ಟೂ ಬಣ್ಣದ ಉಣ್ಣೆಯ ಫೋಟೊ ತೆಗೆದು, ತಿದ್ದಿ, ಪ್ರಿಂಟ್ ಹಾಕಿ ಕೊಡುವುದು ಪ್ರತಿ ವರ್ಷದ ಕೆಲಸ. ಈ ಸಲ ಅವರು ಮಾದರಿ ಪ್ರಿಂಟನ್ನೂ ಒಂದು ಉಣ್ಣೆಯ ಉಂಡೆಯನ್ನೂ ತಂದು ಕೌಂಟರಿನ ಮೇಲೆ ಕುಕ್ಕಿದರು.

"ಏನಪ್ಪಾ, ಇದು ಮರೂನ್. ನೀನು ಕೊಟ್ಟಿರೋದು ಬದನೆಕಾಯಿ. ಇನ್ನೊಂದ್ಸಲ ಹಿಂಗಾದ್ರೆ ಎದುರು ಸ್ಟುಡಿಯೋ ಇದ್ದೇ ಇದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವ ತಪ್ಪನ್ನು ಮಾನಿಟರಿನ ಮೇಲೆ ಹಾಕಿದರು. ಆದರೆ ಈ ಸಲ ನೆಲ ನಿಜವಾಗಿಯೂ ಡೊಂಕಾಗಿತ್ತು. ಆ ಮುದಿ ಮಾನಿಟರ್ ಎಷ್ಟು ಹಳದಿಗೆ ತಿರುಗಿತ್ತೆಂದರೆ, ಅದರಲ್ಲಿ ಹಾಲು ಕೂಡ ಬೆಣ್ಣೆಯ ಹಾಗೆ ಕಾಣುತ್ತಿತ್ತು. ಅದನ್ನು ನಂಬಿ ಭಾವ ಎಲ್ಲದಕ್ಕೂ ನೀಲಿ ಸುರಿಯುತ್ತಿದ್ದರು. ಹೊಸದು ತರಲೇಬೇಕಿತ್ತು.

ತರುವವರು ತಿಳಿದವರನ್ನು ಕೇಳಿ ತರಬೇಕಲ್ಲವೇ? ಭಾವನದೇ ಒಂದು ಶಾಸ್ತ್ರ. "ಮನುಷ್ಯರ ಮುಖದ ಬಣ್ಣ ಸರಿ ಬಂದ್ರೆ ಮಿಕ್ಕಿದ್ದೆಲ್ಲ ಸರಿ ಬಂದ ಹಾಗೇ" ಎಂದು, ಬೆಳಿಗ್ಗೆ ಅಕ್ಕನನ್ನು ಕಿಟಕಿಯ ಬಳಿ ನಿಲ್ಲಿಸಿ ಒಂದು ಫೋಟೊ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡರು. ಆಮೇಲೆ ಅಕ್ಕನನ್ನೂ ನನ್ನನ್ನೂ ಹೊರಡಿಸಿದರು. ಎಷ್ಟೋ ದಿನದ ಮೇಲೆ ಗಂಡ ಹೊರಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಅಕ್ಕ ಒಳ್ಳೆಯ ಬಟ್ಟೆ ಉಟ್ಟು ಬಂದಳು, ಪಾಪ.

ಮೊದಲನೆಯ ಅಂಗಡಿಯಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಒಂದು ಮಾನಿಟರ್ ತೋರಿಸಿದ. "ಸಾರ್, ಇದು ಫ್ಯಾಕ್ಟರಿಯಲ್ಲೇ ಬಣ್ಣ ಅಳೆದು ಕಳಿಸಿರೋದು. ಫೋಟೊ ಕೆಲಸಕ್ಕೆ ಇದೇ ಸರಿ. ಬೇಕಾದ್ರೆ ಬಣ್ಣ ಅಳೆಯೋ ಮೀಟರ್ ಇದೆ, ಇಟ್ಟು ತೋರಿಸ್ತೀನಿ."

"ಮೀಟರ್ ಯಾಕಪ್ಪಾ, ಮನೆಯಿಂದಲೇ ತಂದಿದೀನಿ" ಎಂದ ಭಾವ, ಅಕ್ಕನನ್ನು ಮಾನಿಟರಿನ ಪಕ್ಕ ನಿಲ್ಲಿಸಿದರು. ಪರದೆಯ ಮೇಲೆ ಅಕ್ಕ, ಪಕ್ಕದಲ್ಲೂ ಅಕ್ಕ. "ಗಲ್ಲ ಎತ್ತು. ಈ ಕಡೆ ತಿರುಗು. ಅಲುಗಾಡಬೇಡ." ಅಂಗಡಿಗೆ ಬಂದವರೆಲ್ಲ ಫ್ರಿಜ್ಜು ನೋಡುವುದನ್ನು ಬಿಟ್ಟು ಅಕ್ಕನನ್ನು ನೋಡತೊಡಗಿದರು.

"ಇಲ್ಲಪ್ಪ, ಪೇಲವ. ಇವಳು ಇನ್ನೂ ಸ್ವಲ್ಪ ಕೆಂಪಗಿದಾಳೆ" ಎಂದು ಹೊರಟೇಬಿಟ್ಟರು. ಎರಡನೆಯ ಅಂಗಡಿಯಲ್ಲೂ ಅದೇ ರಾಗ. ಮೂರನೆಯದರಲ್ಲಿ ಒಬ್ಬ ಹೆಂಗಸು ಬಂದು "ಇವರು ಮಾರಾಟಕ್ಕಾ?" ಎಂದು ಕೇಳಿದಳು, ಮಾನಿಟರಿನ ಬಗ್ಗೆ ಕೇಳಿದ್ದೆಂದು ನಾನು ಅಕ್ಕನಿಗೆ ಸಮಾಧಾನ ಹೇಳಿದೆ. "ರೀ, ಸಾಕು, ಮನೆಗೆ ನಡೀರಿ" ಎಂದು ಅಕ್ಕ ಹಲ್ಲು ಕಚ್ಚಿದರೂ ಭಾವನಿಗೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ನಾಲ್ಕನೆಯ ಅಂಗಡಿಯಲ್ಲಿ ಹುಡುಗರು ಆಟ ಆಡುವ ಒಂದು ಮಾನಿಟರಿತ್ತು. ಬಣ್ಣ ಕಣ್ಣಿಗೆ ಹೊಡೆಯುವಂಥದ್ದು. ಭಾವ ಪರದೆ ನೋಡಿದರು, ಅಕ್ಕನನ್ನು ನೋಡಿದರು, ಕುಣಿದಾಡಿದರು.

"ಇದು ನೋಡು! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ನನಗೂ ಆಗ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಮನೆ ಸೇರಿದರೆ ಸಾಕಾಗಿತ್ತು.

ಹೊಸ ಮಾನಿಟರಿನಲ್ಲಿ ಭಾವ ಹಾಡಿಕೊಳ್ಳುತ್ತಾ ಕ್ಯಾಟಲಾಗ್ ತಿದ್ದಿದರು. ಎಲ್ಲದರಲ್ಲೂ ಕೆಂಪು ಜಾಸ್ತಿ ಕಂಡಿತು, ಎಲ್ಲದರಿಂದಲೂ ತೆಗೆದರು. ಯಜಮಾನರು ಬಂದು ಪ್ರಿಂಟ್ ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಹೋದ್ಸಲ ಬದನೆಕಾಯಿ. ಈ ಸಲ ಕಾಫಿಪುಡಿ. ನಾಳೆ ಸಂಜೆವರೆಗೂ ನೋಡ್ತೀನಿ ಕಣಪ್ಪ, ಅಷ್ಟೇ."

ಭಾವ ತಲೆಯ ಮೇಲೆ ಕೈಹೊತ್ತು ಕೂತರು. ಸ್ಟುಡಿಯೋ ಮುಚ್ಚಿದರೆ ಈ ವಯಸ್ಸಿನಲ್ಲಿ ಇನ್ನೇನು ಮಾಡಬಲ್ಲರು? ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಪರದೆಯ ಮೇಲೆ ಅವಳದೇ ಫೋಟೊ ಇತ್ತು.

"ಇದ್ಯಾರು ಇಷ್ಟು ಕೆಂಪಗೆ?"

"ನೀನೇ ಕಣೇ. ಅವತ್ತು ಬೆಳಿಗ್ಗೆ ಕಿಟಕಿ ಹತ್ರ ತೆಗೆದಿದ್ದು."

"ಬೆಳಿಗ್ಗೆ ನನಗೆ ಸಿಟ್ಟೇ ಬಂದಿರಲಿಲ್ಲವಲ್ರೀ. ಇದು ನಾಲ್ಕನೇ ಅಂಗಡಿಯಲ್ಲಿದ್ದ ನಾನು!"

ನಾನು ಬಿದ್ದುಬಿದ್ದು ನಕ್ಕೆ. ಅಕ್ಕನಿಗೆ ಪಿತ್ತ ನೆತ್ತಿಗೇರಿದರೆ ಮುಖ ಕೆಂಪಾಗುತ್ತದೆಂದು ಬೀದಿಗೆಲ್ಲ ಗೊತ್ತು. ಭಾವ ಅಂಗಡಿಯಿಂದ ಅಂಗಡಿಗೆ ಅವಳ ಸಿಟ್ಟು ಏರಿಸುತ್ತಾ ಹೋಗಿ, ಕೊನೆಗೆ ಆ ಸಿಟ್ಟಿಗೆ ಹೊಂದುವ ಮಾನಿಟರ್ ಕೊಂಡು ತಂದಿದ್ದರು!

ಅಕ್ಕ ನಗಲಿಲ್ಲ. "ಮದುವೆಯಾದ ಮೇಲೆ ನೀವು ನನ್ನ ಮುಖವನ್ನ ಅಷ್ಟು ಹೊತ್ತು ನೋಡಿದ್ದು ಅವತ್ತೇ ಮೊದಲು. ಅದೂ ಒಂದು ಡಬ್ಬದ ಜೊತೆ ಹೋಲಿಸೋಕೆ. ನನಗೆ ಎಷ್ಟು ಬೇಜಾರಾಯ್ತು ಗೊತ್ತಾ?" ಎಂದು ಒಳಗೆ ಹೋದಳು. ಭಾವ ಕಾಫಿ ಕುಡಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ಆ ಆಟದ ಮಾನಿಟರನ್ನು ವಾಪಸ್ ಕೊಟ್ಟು ಮೊದಲನೆಯ ಅಂಗಡಿಗೆ ಹೋದೆವು. ಅಕ್ಕನೂ ಬಂದಳು, ಮುಖ ತಿರುಗಿಸಿಕೊಂಡೇ. ಟೈ ಕಟ್ಟಿದವನು ನಮ್ಮನ್ನು ಕಂಡು ವಾಷಿಂಗ್ ಮೆಷಿನ್ನಿನ ಹಿಂದೆ ಸರಿದ. ಭಾವ ಈ ಸಲ ಮೀಟರ್ ಇಡಿಸಿದರು, ಕಿಸೆಯಿಂದ ಮರೂನ್ ಉಂಡೆ ತೆಗೆದು ಅದರ ಫೋಟೊದ ಪಕ್ಕ ಹಿಡಿದರು. ಎರಡೂ ಒಂದೇ. ಉಣ್ಣೆಗೆ ಸಿಟ್ಟು ಬರುವುದಿಲ್ಲ ನೋಡಿ.

ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಭಾವ ಅಕ್ಕನ ಫೋಟೊ ಹಾಕಿ, "ಒಂದ್ನಿಮಿಷ ಬಾ" ಅಂದರು. ಹೋಲಿಸಲಿಲ್ಲ, ಪರದೆ ಬಿಟ್ಟು ಅವಳನ್ನೇ ನೋಡುತ್ತಾ ನಿಂತರು. "ಅರೆ, ಇಲ್ಲಿ, ಕಿವಿ ಹತ್ರ ಮಚ್ಚೆ ಇದೆಯಲ್ಲೇ" ಅಂದರು ಮೆಲ್ಲಗೆ.

"ಸಾರ್, ಮತ್ತೆ ಹೊಂದುತ್ತಿಲ್ಲ, ಮೇಡಂ ಕೆಂಪಾಗ್ತಿದಾರೆ" ಎಂದು ಸೇಲ್ಸ್‌ಮನ್ ಗಾಬರಿಯಾದ.

"ಇರಲಿ ಬಿಡಪ್ಪ. ಮಾನಿಟರ್ ಸರಿಯಾಗಿದೆ" ಅಂದರು ಭಾವ.

ಸಂಜೆ ಯಜಮಾನರು ಉಣ್ಣೆಯ ಎಳೆಯೊಂದನ್ನು ಹೊಸ ಪ್ರಿಂಟಿನ ಮೇಲಿಟ್ಟು ಕನ್ನಡಕ ಹಾಕಿಕೊಂಡರು. "ಎಲ್ಲಿಟ್ನಪ್ಪಾ ಆ ಎಳೇನ?" ಎಂದು ತಡಕಾಡಿದರು. ಕ್ಯಾಟಲಾಗ್ ನಮ್ಮಲ್ಲೇ ಉಳಿಯಿತು.

ಈಗ ದಿನಾ ಬೆಳಿಗ್ಗೆ ಮಾನಿಟರ್ ಹಾಕಿದ ಕೂಡಲೇ ಭಾವ ಕೂಗುತ್ತಾರೆ, "ಏ, ಸ್ವಲ್ಪ ಬಾ, ಬಣ್ಣ ನೋಡಬೇಕು." ಅಕ್ಕ ಕೈಯಲ್ಲಿರುವ ಕೆಲಸ ಬಿಟ್ಟು, ಮುಖ ತೊಳೆದು, ಕಿಟಕಿಯ ಬಳಿ ಹೋಗಿ ನಿಲ್ಲುತ್ತಾಳೆ. ಆ ಮಾನಿಟರಿನ ಬಣ್ಣವನ್ನು ತಿಂಗಳುಗಟ್ಟಲೆ ಮತ್ತೆ ನೋಡಬೇಕಾಗಿಲ್ಲ ಎಂದು ಅಂಗಡಿಯವನು ನಮ್ಮ ಮೂವರೆದುರಿಗೇ ಹೇಳಿದ್ದ. ಅದನ್ನು ಭಾವನಿಗೆ ನೆನಪಿಸಲು ಒಮ್ಮೆ ಬಾಯಿ ತೆರೆದೆ. ಅಕ್ಕ ಕೌಂಟರಿನ ಕೆಳಗೆ ನನ್ನ ಕಾಲು ತುಳಿದಳು.

"ನೀನು ಬಾಯಿ ಮುಚ್ಕೊಂಡು ಕೂತ್ಕೋ" ಅಂದಳು.