ಅಮ್ಮನ ಬೀದಿಗೆ ಸಿಗ್ನಲ್ಲು

ನಮ್ಮ ಮೇಡಂಗೆ ಹೊಟ್ಟೆಕಿಚ್ಚು ಜಾಸ್ತಿ. ಇದು ಬೆನ್ನ ಹಿಂದೆ ಆಡುವ ಮಾತಲ್ಲ, ಅವರ ಮುಖಕ್ಕೇ ಹೇಳಿದ್ದೇನೆ. ಅವರೂ ಇಲ್ಲ ಅಂದವರಲ್ಲ. ಮೊಬೈಲ್ ಕಂಪನಿಯೊಂದರಲ್ಲಿ ಕರೆಗಳ ಧ್ವನಿ ಪರೀಕ್ಷಿಸುವುದು ಅವರ ಕೆಲಸ, ಅವರ ವ್ಯಾನು ಓಡಿಸುವುದು ನನ್ನದು. ನಾನು ಬೀದಿ ಬೀದಿ ಸುತ್ತುತ್ತೇನೆ. ಅವರು ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಚೇರಿಗೆ ಕರೆ ಮಾಡುತ್ತಾ, ಎಲ್ಲಿ ಮಾತು ಒಡೆಯುತ್ತದೆ, ಎಲ್ಲಿ ಕರೆ ಕಡಿದುಹೋಗುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಿವಿ ಮೇಡಂ ಅಂತ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪನಿ ಬದುಕುತ್ತಿದ್ದದ್ದೇ ಜನರ ಮಾತಿನಿಂದ. ಧ್ವನಿ ವಿಭಾಗಕ್ಕೆ ಮೂರನೇ ಮಹಡಿಯಲ್ಲಿ ಗಾಳಿ ಬೆಳಕಿನ ದೊಡ್ಡ ಕೋಣೆ ಇತ್ತು. ಆಮೇಲೆ ಜನ ಇಂಟರ್ನೆಟ್ಟಿನಲ್ಲೇ ಮಾತಾಡುವುದನ್ನು ಕಲಿತರು. ಟವರು ನಮ್ಮದು, ಕೇಬಲ್ಲು ನಮ್ಮದು, ಮಾತಿನ ಸಂಪಾದನೆ ಮಾತ್ರ ನಮ್ಮದಲ್ಲ ಅನ್ನುವಂತಾಯಿತು. ಡೇಟಾ ವಿಭಾಗ ಕೊಬ್ಬಿತು, ಮೂರನೇ ಮಹಡಿಯ ಕೋಣೆ ಅವರ ಪಾಲಾಯಿತು. ಧ್ವನಿ ವಿಭಾಗವನ್ನು ನೆಲಮಹಡಿಗೆ ಇಳಿಸಿ ಜನರೇಟರ್ ಪಕ್ಕ ಕೂರಿಸಿದರು. ಕಿವಿಯಿಂದ ಅನ್ನ ದುಡಿಯುವವರನ್ನು ಜನರೇಟರ್ ಪಕ್ಕ ಕೂರಿಸಿದ ಪುಣ್ಯಾತ್ಮನ ತಲೆಯಲ್ಲಿ ಏನಿತ್ತೋ, ನನಗಂತೂ ಅರ್ಥವಾಗಿಲ್ಲ. ಲಿಫ್ಟಿನಲ್ಲಿ ಡೇಟಾದವರು ಕಂಡರೆ ಮೇಡಂ ಮೆಟ್ಟಿಲು ಹಿಡಿಯುತ್ತಿದ್ದರು.

ಇಷ್ಟೇ ಆಗಿದ್ದರೆ ಕಚೇರಿಯ ಕಿಚ್ಚು ಕಚೇರಿಯಲ್ಲೇ ಆರುತ್ತಿತ್ತು. ಮನೆಯಲ್ಲೂ ಅದೇ ಕಥೆಯಾಯಿತು. ಮೇಡಂ ಅವರ ಅಮ್ಮ ಊರಿನ ಇನ್ನೊಂದು ತುದಿಯಲ್ಲಿ, ದೊಡ್ಡ ಗೋದಾಮಿನ ಹಿಂದಿನ ತಗ್ಗು ಬೀದಿಯಲ್ಲಿದ್ದರು. ತಂಗಿ ಇದ್ದದ್ದು ದೂರದ ಊರಿನಲ್ಲಿ. ತಂಗಿ ಫೋನ್ ಮಾಡುವುದು ಇಂಟರ್ನೆಟ್ಟಿನಲ್ಲಿ. ಮೇಡಂ ಸತ್ತರೂ ಅದನ್ನು ಮುಟ್ಟುವವರಲ್ಲ, ಉಂಡ ಮನೆಗೆ ಎರಡು ಬಗೆಯಲಾರೆ ಅನ್ನುವ ಹಟ. ಆದರೆ ತಂಗಿಯ ಕರೆ ಬಂದರೆ ಅಮ್ಮ ಮೊಣಕಾಲು ನೋವನ್ನೂ ಮರೆತು, ಸಿಗ್ನಲ್ ಸಿಗಲೆಂದು ಮಹಡಿ ಹತ್ತಿ ಗಂಟೆಗಟ್ಟಲೆ ಹರಟುತ್ತಿದ್ದರು. ಮೇಡಂ ಕರೆ ಮಾಡಿದರೆ ಊಟ ಆಯ್ತಾ, ಹುಷಾರಾಗಿದ್ದೀಯಾ, ಸರಿ ಇಡ್ತೀನಿ. ಸೋದರಮಾವನ ಮಗಳ ಮದುವೆ ಮುರಿದದ್ದು, ಎದುರುಮನೆಯವರು ಜಾಗ ಮಾರಿದ್ದು, ಎಲ್ಲವೂ ಮೇಡಂ ಕಿವಿಗೆ ಬೀಳುತ್ತಿದ್ದದ್ದು ತಂಗಿಯ ಮೂಲಕ. ಹತ್ತಿರವಿರುವವಳು ನಾನು, ಸುದ್ದಿ ಮಾತ್ರ ಅವಳಿಗೆ ಮೊದಲು ಎಂದು ವ್ಯಾನಿನಲ್ಲಿ ಕುದಿಯುತ್ತಿದ್ದರು. ಆ ಕುದಿತವನ್ನೆಲ್ಲ ಕೇಳಿಸಿಕೊಳ್ಳುವುದು ಯಾರು? ನಾನು. ಸಂಬಳದಲ್ಲಿ ಅದಕ್ಕೆ ಬೇರೆ ಭತ್ಯೆ ಇರಲಿಲ್ಲ.

ಕೊನೆಗೆ ಕಾರಣವನ್ನು ಅವರೇ ಕಂಡುಹಿಡಿದರು. ತಗ್ಗಿನಲ್ಲಿ ತಮ್ಮ ಧ್ವನಿ ಸರಿಯಾಗಿ ತಲುಪುತ್ತಿಲ್ಲ, ಅದಕ್ಕೇ ಅಮ್ಮನಿಗೆ ಬೇಸರ ಎಂದು ತೀರ್ಮಾನಿಸಿದರು. ವ್ಯಾನನ್ನು ಆ ಬೀದಿಗೆ ಓಡಿಸಿದ್ದೇ ಓಡಿಸಿದ್ದು. ಅಲ್ಲಿನ ನಾಯಿಗಳೂ ನಮಗೆ ಬೊಗಳುವುದನ್ನು ಬಿಟ್ಟವು. ಕರೆ ಒಡೆಯುತ್ತಿದ್ದದ್ದು ನಿಜವೇ, ವರದಿಯಲ್ಲಿ ಸುಳ್ಳಿರಲಿಲ್ಲ. ಮೇಲಿನವರ ಬೆನ್ನು ಬಿಡದೆ, ಟವರ್ ಹತ್ತುವವನನ್ನು ಕರೆಸಿ, ಆಂಟೆನಾದ ಮುಖವನ್ನು ತಗ್ಗಿನ ಕಡೆ ತಿರುಗಿಸಿ ಬಗ್ಗಿಸುವಂತೆ ಮಾಡಿದರು. ಕೆಳಗೆ ನಿಂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಮೇಡಂ ಕೈಯಾಡಿಸುತ್ತಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿರಲಿಲ್ಲ.

ಮರುದಿನ ಅಮ್ಮನ ಮನೆ ಮುಂದೆ ವ್ಯಾನು ನಿಲ್ಲಿಸಲು ಹೇಳಿ ಕರೆ ಮಾಡಿದರು. ಅಮ್ಮ ಬೇರೆ ಕರೆಯಲ್ಲಿದ್ದರು. ಮತ್ತೆ ಮಾಡಿದರು, ಮತ್ತೂ ಅದೇ. ಉಸಿರು ಬಿಟ್ಟು ಇಳಿದರು. ಅಮ್ಮನಿಗೆ ಮೇಡಂ ಕೊಟ್ಟಿದ್ದ ಹಳೇ ಮಿಕ್ಸಿ ಹಿಂದಕ್ಕೆ ತರಲಿಕ್ಕಿತ್ತು, ಹಾಗಾಗಿ ನಾನೂ ಹಿಂದೆ ಹೋದೆ. ಅಡುಗೆಮನೆಯಲ್ಲಿ ಅಮ್ಮ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು, ತರಕಾರಿ ಹೆಚ್ಚುತ್ತಾ ತಂಗಿಯೊಂದಿಗೆ ಮಾತಾಡುತ್ತಿದ್ದರು. ಅಕ್ಕ ಬಂದಳೆಂದು ಹೇಳಿ ಕರೆ ಮುಗಿಸಿ, ಮುಖ ಅರಳಿಸಿಕೊಂಡು ಶುರು ಮಾಡಿದರು. ಯಾರೋ ಪುಣ್ಯಾತ್ಮರು ಟವರ್ ಸರಿ ಮಾಡಿಸಿದ್ದಾರೆ, ಇನ್ನು ಮಹಡಿ ಹತ್ತುವ ಕಾಟವಿಲ್ಲ, ಚಿಕ್ಕವಳು ಪಕ್ಕದಲ್ಲೇ ಕೂತ ಹಾಗೆ ಕೇಳಿಸುತ್ತಾಳೆ, ಬೆಳಗ್ಗೆಯಿಂದ ಎರಡು ಸಲ ಮಾತಾಡಿದೆವು ಎಂದರು.

ಒಂದೇ ಟವರಿನಲ್ಲಿ ಕರೆಯೂ ಹೋಗುತ್ತದೆ, ಇಂಟರ್ನೆಟ್ಟೂ ಹೋಗುತ್ತದೆ. ಇದು ನನ್ನಂಥ ಡ್ರೈವರಿಗೂ ಗೊತ್ತು. ಮೇಡಂಗೆ ಗೊತ್ತಿಲ್ಲದೆ ಏನು? ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ, ಅಷ್ಟೆ. ಅವರು ಬಾಗಿಲಲ್ಲೇ ನಿಂತರು. ನನಗೆ ಪಾಪ ಅನ್ನಿಸಿತು, ನಗುವೂ ಬಂತು. ಮಿಕ್ಸಿ ಎತ್ತಿಕೊಂಡು ಆಚೆ ಹೋಗಬೇಕಿತ್ತು, ಹೋಗಲಿಲ್ಲ.

"ನನ್ನ ಹತ್ರ ಮಾತ್ರ ಯಾಕಮ್ಮ ಎರಡೇ ಮಾತು?" ಎಂದರು ಮೇಡಂ. "ನಾನೇನು ಮಲಮಗಳಾ?"

ಅಮ್ಮನ ಚಾಕು ನಿಂತಿತು. "ಹುಚ್ಚಿ, ನಿಂದು ದುಡ್ಡಿನ ಫೋನು. ನಾನು ಕಥೆ ಹೊಡೀತಾ ಕೂತ್ರೆ ನಿನಗೇ ಅಲ್ವಾ ಖರ್ಚು? ಅವಳದು ಪುಕ್ಕಟೆ. ನಿನ್ನ ಜೇಬು ಖಾಲಿ ಮಾಡ್ಬಾರ್ದು ಅಂತ ಬೇಗ ಇಡ್ತೀನಿ."

ನಿಮಿಷಕ್ಕಿಷ್ಟು ಎಂದು ಎಣಿಸುವ ಕಾಲ ಹೋಗಿ ಎಷ್ಟೋ ವರ್ಷವಾಯಿತು, ಈಗ ನಮ್ಮ ಕಂಪನಿಯಲ್ಲೂ ಎಷ್ಟು ಮಾತಾಡಿದರೂ ಒಂದೇ ಎಂದು ಮೇಡಂ ತಿಳಿಸಿ ಹೇಳಿದರು. ಅಮ್ಮ ತಲೆಯಾಡಿಸಿದರು. ಆದರೆ ಜನರಿಗೆ ಬೇಗ ಬೇಗ ಮಾತಾಡುವುದನ್ನು ಕಲಿಸಿದವರೇ ನಮ್ಮವರಲ್ಲವೇ, ಆ ಪಾಠ ಅಷ್ಟು ಸುಲಭಕ್ಕೆ ಅಳಿಸುತ್ತದೆಯೇ? ಮಾರನೇ ದಿನ ವ್ಯಾನಿನಿಂದ ಕರೆ ಮಾಡಿದಾಗ ಮತ್ತೆ ಊಟ ಆಯ್ತಾ, ಸರಿ ಇಡ್ತೀನಿ. ಅದರ ಮಾರನೇ ದಿನವೂ ಹಾಗೇ. ಮೇಡಂ ಕಿಟಕಿಯಾಚೆ ನೋಡುತ್ತಾ ಕೂತರು, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸಿಗ್ನಲ್ ದೀಪದ ಹತ್ತಿರ ನಿಂತಿದ್ದಾಗ ಅವರು ಸ್ವಂತ ಫೋನು ತೆಗೆದರು. ಮೂರನೇ ಮಹಡಿಯವರಿಗೆ ತಿಳಿದರೆ ಹಬ್ಬ ಮಾಡುತ್ತಾರೆ, ಬಾಯಿ ಮುಚ್ಚಿಕೊಂಡಿರು ಎಂದು ನನಗೆ ತಾಕೀತು ಮಾಡಿ, ತಂಗಿ ಮಾಡುವ ಹಾಗೆಯೇ ಇಂಟರ್ನೆಟ್ಟಿನಲ್ಲಿ ಅಮ್ಮನಿಗೆ ಕರೆ ಮಾಡಿದರು. ಹೆಡ್‌ಫೋನ್ ಹಾಕಲಿಲ್ಲ, ಸ್ಪೀಕರಿನಲ್ಲೇ ಇಟ್ಟರು.

"ಓ, ನೀನಾ? ಇರು, ಒಲೆ ಆರಿಸಿ ಬರ್ತೀನಿ," ಎಂದಿತು ಅಮ್ಮನ ಧ್ವನಿ.

ಕುರ್ಚಿ ಎಳೆದುಕೊಂಡ ಸದ್ದಾಯಿತು. ಗೋದಾಮಿನ ಯಜಮಾನ ಹೆಂಡತಿಯ ಹತ್ತಿರ ಮಾತು ಬಿಟ್ಟು ಗೋದಾಮಿನಲ್ಲೇ ಮಲಗುತ್ತಿದ್ದಾನಂತೆ ಎಂದು ಅಮ್ಮ ಶುರು ಹಚ್ಚಿಕೊಂಡರು. ಮೇಡಂ ನಡುವೆ ತಡೆದರು.

"ಅಮ್ಮ, ಇದನ್ನ ಅವಳಿಗೆ ಹೇಳಿದ್ಯಾ?"

"ಇಲ್ವೇ, ಈಗ ತಾನೇ ಗೊತ್ತಾಗಿದ್ದು. ನಿನಗೇ ಮೊದಲು."

ದೀಪ ಹಸಿರಾಗಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸು ಎಂದು ಮೇಡಂ ನನಗೆ ಕೈಸನ್ನೆ ಮಾಡಿದರು.