ಸೂರ್ಯನಿಗೆ ಅರ್ಧ ಚಹಾ

ಮೂವತ್ತು ವರ್ಷ ಧಾರವಾಡದ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ, ಯಾರೂ ಶಾಲು ಹೊದಿಸಲಿಲ್ಲ. ನಿವೃತ್ತನಾಗಿ ಸಭೆಗಳಲ್ಲಿ ನಗಿಸತೊಡಗಿದೆ, ಕಪಾಟು ಶಾಲುಗಳಿಂದ ತುಂಬಿತು. ಜನಕ್ಕೆ ಏನು ಬೇಕೆಂಬುದು ಇದರಲ್ಲೇ ತಿಳಿಯುತ್ತದೆ.

ಪರಿಸರ ಸಂಘದವರೊಬ್ಬರು ಮನೆಗೆ ಬಂದು, "ಸರ್, ಹವಾಮಾನ ಕೆಟ್ಟೈತಿ ಅಂತ ಸೀದಾ ಹೇಳಿದ್ರ ಮಂದಿ ಎದ್ದು ಹೋಗ್ತಾರ. ನೀವು ನಗಿಸಿ ಹೇಳ್ರಿ," ಎಂದರು. ಒಪ್ಪಿಕೊಂಡೆ. ನಕ್ಕವರು ನೆನಪಿಡುತ್ತಾರೆ ಎಂದು ನಾನೂ ನಂಬಿದ್ದೆ.

ಸರಕು ಸಿಕ್ಕಿದ್ದು ಲಕಮನಹಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಹಳೆಯ ಸ್ಕೂಟರಿನ ಜೀವ ಹಿಡಿದಿಟ್ಟಿದ್ದ ಮಿಸ್ತ್ರಿಯ ಶೆಡ್ಡು ಅದು. ಅವನು ನನ್ನ ಗೆಳೆಯ. ರಸ್ತೆ ಅಗಲ ಮಾಡುವಾಗ ಶೆಡ್ಡಿಗೆ ನೆರಳಾಗಿದ್ದ ಬೇವಿನ ಮರ ಹೋಗಿತ್ತು. ಆಮೇಲೆ ಬೇಸಿಗೆಯಲ್ಲಿ ಯಾರು ಹೋದರೂ ಖಾಲಿ ಸ್ಟೂಲು ತೋರಿಸಿ, "ಅಲ್ಲಿ ಕುಂದರಬ್ಯಾಡ್ರಿ, ಸೂರ್ಯ ಕುಂತಾನ. ಮುಂಜಾನಿ ಬಂದಾಂವ ಎದ್ದು ಹೋಗವಲ್ಲ. ಅವಗೂ ಅರ್ಧಾ ಚಾ ಹೇಳ್ರಿ," ಎನ್ನುತ್ತಿದ್ದ.

ಅದನ್ನು ವೇದಿಕೆಗೆ ಒಯ್ದೆ. ಮೊದಲು ಸೂರ್ಯ ಧಾರವಾಡಕ್ಕೆ ಪಿಂಚಣಿದಾರರ ಹಾಗೆ ಒಂದು ಸುತ್ತು ವಾಕಿಂಗಿಗೆ ಬರುತ್ತಿದ್ದ, ಈಗ ಡಬಲ್ ಡ್ಯೂಟಿ ಮಾಡುತ್ತಾನೆ ಎಂದು ಶುರುಮಾಡಿ ಮಿಸ್ತ್ರಿಯ ಸ್ಟೂಲಿಗೆ ತಂದು ಮುಗಿಸುತ್ತಿದ್ದೆ. ಹುಬ್ಬಳ್ಳಿಯ ಏಸಿ ಸಭಾಂಗಣದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆಕೆಯ ಬಗ್ಗೆ ಮಾತಾಡಿದ್ದಕ್ಕೆ ಉಣ್ಣೆಯ ಶಾಲು ಹೊದಿಸಿದರು. ಆ ಚಳಿಗೆ ಅದು ಬೇಕೂ ಆಗಿತ್ತು. ಬೇವಿನ ಮರದ ಸುದ್ದಿಯನ್ನು ಯಾರೂ ಕೇಳಲಿಲ್ಲ. ನಾನೂ ಹೇಳಿರಲಿಲ್ಲ. ಅದರಲ್ಲಿ ನಗು ಬರುತ್ತಿರಲಿಲ್ಲ.

ಮಿಸ್ತ್ರಿಗೆ ಹೆಸರು ಬಂತು. ಗಾಡಿ ಕೆಡದವರೂ ಬಂದು, "ಸೂರ್ಯ ಬಂದಾನೇನ್ರಿ?" ಎಂದು ಕೇಳಿ ಅವನ ಬಾಯಿಂದ ಅದೇ ಮಾತು ಹೇಳಿಸಿ ನಗುತ್ತಿದ್ದರು.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಬ್ರೇಕು ಸರಿಮಾಡಿಸಲು ಹೋಗಿದ್ದೆ. ಇನ್ನಿಬ್ಬರು ಗಿರಾಕಿಗಳಿದ್ದರು. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಎತ್ತಿದ, ಇಟ್ಟ, ಮತ್ತೆ ಎತ್ತಿದ. ಆಮೇಲೆ ತನ್ನ ಚಹಾ ಒಯ್ದು ಖಾಲಿ ಸ್ಟೂಲಿನ ಮೇಲಿಟ್ಟು, "ಕುಡೀರಿ, ಆರಾಕತ್ತೈತಿ," ಎಂದ. ನಾವು ನಕ್ಕೆವು. "ಯಾಕ ಕುಡಿಯವಲ್ರಿ? ಸಿಟ್ಟಾಗೀರೇನ?" ಎಂದು ಸ್ಟೂಲಿನ ಮುಂದೆ ಕೈ ಮುಗಿದ. ಇನ್ನೂ ಜೋರಾಗಿ ನಕ್ಕೆವು. ಇದು ಹಳೆಯದಕ್ಕಿಂತ ಛಲೋ ಇದೆ ಎಂದು ನಾನು ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡೆ. ಅವನ ಕುತ್ತಿಗೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಉರಿಬಿಸಿಲಲ್ಲಿ ಬೆವರು ನಿಂತು ಮಾತು ಹಳಿ ತಪ್ಪಿದರೆ ಜೀವಕ್ಕೆ ಅಪಾಯ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು.

ಬುತ್ತಿ ತಂದ ಭಾಭಿ, ಅಂದರೆ ಅವನ ಹೆಂಡತಿ, ಅವನ ಹಣೆ ಮುಟ್ಟಿದಳು. "ಇವರ ಮೈ ಸುಡಾಕತ್ತೈತಿ. ನೀವು ಕುಂತು ನಗಾಕತ್ತೀರೇನ್ರಿ?" ಎಂದಳು. ಅಷ್ಟರಲ್ಲಿ ಅವನು ಕುಸಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆಸ್ಪತ್ರೆಯಲ್ಲಿ ಡಾಕ್ಟರು, "ಇಷ್ಟು ತಡ ಯಾಕ ಮಾಡಿದ್ರಿ?" ಎಂದು ಕೇಳಿದಾಗ ನಾನು ಕಿಸೆಯ ಪುಸ್ತಕವನ್ನು ಕೈಯಿಂದ ಮುಚ್ಚಿಕೊಂಡೆ.

ಅವನು ಉಳಿದ. ಕೈ ನಡುಗುತ್ತದೆ, ನಟ್ಟು ಹಿಡಿಯಲಾಗುವುದಿಲ್ಲ. ಶೆಡ್ಡಿಗೆ ಬೀಗ ಬಿದ್ದಿದೆ. ಸಂಘದವರು ಈ ಬೇಸಿಗೆಗೆ ಮತ್ತೆ ಫೋನು ಮಾಡಿ, "ಆ ಮಿಸ್ತ್ರಿ ಜೋಕು ಇರಲೇಬೇಕ್ರಿ ಸರ್," ಎಂದರು. ಬರುವುದಿಲ್ಲ ಎಂದೆ. ಕಾರಣ ಹೇಳಲಿಲ್ಲ, ಹೇಳಿದ್ದರೂ ಜೋಕೆಂದುಕೊಳ್ಳುತ್ತಿದ್ದರು.

ಮೊನ್ನೆ ನೋಡಲು ಹೋದಾಗ ಮಿಸ್ತ್ರಿ ನಿಧಾನವಾಗಿ ಕೇಳಿದ, "ಮಾಸ್ತರ, ಅವತ್ತ ನಾ ಏನೋ ಅಂದಿದ್ನಂತ, ನೀವು ಬರಕೊಂಡ್ರಂತ. ನನಗ ನೆನಪಿಲ್ಲ. ಓದ್ರಿ."

ಭಾಭಿ ಬಾಗಿಲಲ್ಲಿ ನಿಂತಿದ್ದಳು. ಪುಸ್ತಕ ಕಿಸೆಯಲ್ಲೇ ಇತ್ತು. ಓದಿದೆ.

ಅವನು ನನ್ನ ಮುಖವನ್ನೇ ನೋಡುತ್ತ ಕಾದ. ಆಮೇಲೆ ಕೇಳಿದ, "ಅವತ್ತ ನಕ್ಕಿದ್ರಲ್ಲ. ಇವತ್ತ ಯಾಕ ನಗವಲ್ರಿ?"